ಹೀಟ್ ಬರಂಗಿಲ್ಲ ಅಂದ್ಮ್ಯಾಲ ಟೆಂಪರೇಚರ್ ಹೆಂಗ ಏರತೈತ್ರಿ ಸರ್?

"ಸರ್, ಅಡಿಯಾಬ್ಯಾಟಿಕ್‌ದಾಗ ಹೀಟ್ ಬರಂಗಿಲ್ಲ ಹೋಗಂಗಿಲ್ಲ ಅಂದ್ರ ಟೆಂಪರೇಚರ್ ಇದ್ದಷ್ಟ ಇರಬೇಕಲ್ರಿ, ಮತ್ತ ಐಸೋಥರ್ಮಲ್‌ಗೂ ಇದಕ್ಕೂ ಏನ್ ಫರಕ್?"

ವಿಜಯಪುರದಾಗ ಪಿಯುಸಿ ಹುಡುಗೂರಿಗೆ ಫಿಸಿಕ್ಸ್ ಹೇಳಾಕ ಹತ್ತಿದಾಗಿಂದ ವರ್ಷಾ ಇದ ಪ್ರಶ್ನೆ, ಉತ್ತರಾ ಹೇಳಿ ಹೇಳಿ ಸಾಕಾಗೈತಿ, ಅದಕ್ಕ ಒಮ್ಮೆ ಪೂರಾ ಬರದ ಇಡ್ತೀನಿ. ಡೆಫಿನಿಷನ್ ಒಂದ ಸಾಲಿನ್ಯಾಗ: ಹೀಟ್ ಬರದಂಗ ಹೋಗದಂಗ ಗ್ಯಾಸ್ ಒತ್ತೂದು ಇಲ್ಲಾ ಹಿಗ್ಗಿಸೂದು ಅಡಿಯಾಬ್ಯಾಟಿಕ್, ಟೆಂಪರೇಚರ್ ಇದ್ದಷ್ಟ ಇಟ್ಟು ಮಾಡೂದು ಐಸೋಥರ್ಮಲ್.

ತಪ್ಪು ಇರೂದು ಒಂದ ಜಾಗಾದಾಗ, ಹೀಟ್ ಅಂದ್ರೂ ಟೆಂಪರೇಚರ್ ಅಂದ್ರೂ ಒಂದ ಅಂತ ತಿಳಕೊಂಡಿರಿ. ಒಂದಲ್ಲ ಮಾರಾಯ್ರ! ರೊಟ್ಟಿಗೆ ಎಸರು ಇಟ್ಟಾಗ ನೋಡ್ರಿ, ಕುದಿ ಬಂದ ಮ್ಯಾಲೂ ಕೆಳಗ ಉರಿ ಇರತೈತಿ, ಹೀಟ್ ಹೋಗಾಕತ್ತೈತಿ, ಆದ್ರ ನೀರಿನ ಟೆಂಪರೇಚರ್ ಏರಂಗಿಲ್ಲ. ಹೀಟ್ ಕೊಟ್ರೂ ಟೆಂಪರೇಚರ್ ನಿಲ್ಲತೈತಿ ಅಂದ್ರ, ಹೀಟ್ ಕೊಡದನೂ ಅದು ಏರಬಹುದಲ್ಲ?

ಕ್ಲಾಸಿಗೆ ನಾನು ಸೈಕಲ್ ಪಂಪ್ ಒಯ್ತೀನಿ. ಬಾಯಿಗೆ ಹೆಬ್ಬಟ್ಟು ಒತ್ತಿ ಹಿಡದು ಇಪ್ಪತ್ತು ಸಲ ಜೋರಾಗಿ ಹೊಡದು, ಬುಡಾ ಮುಟ್ಟಿ ನೋಡ್ರಿ ಅಂದ್ರ ಮುಂದಿನ ಬೆಂಚಿನವ್ರು ಕೈ ಹಿಂದಕ್ಕ ತಗೀತಾರ. ತಕ್ಷಣ ಒಬ್ಬ ಅಂತಾನ, "ಸರ್ ಅದು ವಾಷರ್ ತಿಕ್ಕಿದ್ದಕ್ಕ ಬಿಸಿ ಆಗೈತಿ." ಒಳ್ಳೆ ಪ್ರಶ್ನೆ, ಹಂಗಂದ್ರ ಹೆಬ್ಬಟ್ಟು ತಗದು ಪಂಪ್ ಆರಿದ ಮ್ಯಾಲ ಮತ್ತ ಇಪ್ಪತ್ತು ಸಲ ಹೊಡೀರಿ, ಅಷ್ಟ ಬಿಸಿ ಬರಂಗಿಲ್ಲ. ಇನ್ನೂ ಡೌಟ್ ಇದ್ರ ಪಂಕ್ಚರ್ ಅಂಗಡ್ಯಾಗ ಟೈರಿನ ವಾಲ್ವ್ ಬಿಚ್ಚಿದಾಗ ಬೆರಳ ಹಿಡೀರಿ, ಗಾಳಿ ತಣ್ಣಗ ಬರತೈತಿ, ತಿಕ್ಕಿದ್ರ ಯಾವಾಗರ ತಣ್ಣಗ ಆಗತೈತೇನು?

ಗ್ಯಾಸಿನ ಒಳಗಿನ ಎನರ್ಜಿಗೆ ಎರಡ ಬಾಗಲಾ, ಹೀಟ್ ಒಂದು, ವರ್ಕ್ ಒಂದು. ಅಡಿಯಾಬ್ಯಾಟಿಕ್ ಮುಚ್ಚೂದು ಹೀಟಿನ ಬಾಗಲಾ ಅಷ್ಟ. ಪಂಪ್ ಒತ್ತಿದ್ದು ವರ್ಕ್, ಅದು ಎಲ್ಲೆ ಹೋಗಬೇಕು? ಒಳಗ ಉಳೀತೈತಿ, ಅದಕ್ಕ ಟೆಂಪರೇಚರ್ ಏರತೈತಿ. 27 ಡಿಗ್ರಿ ಗಾಳೀನ ಹೀಟ್ ಸೋರದಂಗ ಗಪ್ಪನ ಅರ್ಧಕ್ಕ ಒತ್ತಿದ್ರ ಲೆಕ್ಕದ ಪ್ರಕಾರ 123 ಡಿಗ್ರಿ ಆಗತೈತಿ, ಒತ್ತಡ ಸುಮಾರು 2.64 ಪಟ್ಟು. ಅದನ್ನ ಸಾವಕಾಶ ಒತ್ರಿ, ಹಾಕಿದ ವರ್ಕ್ ಅಷ್ಟೂ ಹೀಟ್ ಆಗಿ ಹೊರಗ ಹೋಗತೈತಿ, 27 ಡಿಗ್ರಿನ ಉಳೀತೈತಿ, ಒತ್ತಡ 2 ಪಟ್ಟ. ಅಂದ್ರ ಹೀಟ್ ಓಡ್ಯಾಡೂದು ಐಸೋಥರ್ಮಲ್‌ದಾಗ, ನೀವು ತಿಳಕೊಂಡಿದ್ದು ಪೂರಾ ಉಲ್ಟಾ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಬೇಕಾಗದ್ದೂ ಇದಕ್ಕ, ಒತ್ತಿದ ಗಾಳಿ ಕಾವಿಗೇ ಡೀಸೆಲ್ ಹತಗೋತೈತಿ.

ಯಾರೂ ಕೇಳಿಲ್ಲ, ಆದ್ರ ಹೇಳದ ಇರಾಕ ಆಗವಲ್ದು. ಗೋಳಗುಮ್ಮಟದ ಗ್ಯಾಲರ್‍ಯಾಗ ಪಿಸುಗುಟ್ಟಿದ್ದು ಸುಮಾರು 38 ಮೀಟರ್ ಆಚಿ ಗ್ವಾಡಿಗೆ ಕಿವಿ ಇಟ್ಟವ್ರಿಗೆ ಕೇಳತೈತಲ್ಲ, ಆ ಶಬ್ದ ಹೋಗೂದೂ ಗಾಳಿ ಒತ್ತಿ ಬಿಟ್ಟು ಒತ್ತಿ ಬಿಟ್ಟು. 1687ರಾಗ ನ್ಯೂಟನ್ ಇದನ್ನ ಐಸೋಥರ್ಮಲ್ ಲೆಕ್ಕದಾಗ ಹಿಡದಿದ್ದ, ಹಂಗ ಹಿಡದ್ರ 0 ಡಿಗ್ರಿ ಗಾಳ್ಯಾಗ ಶಬ್ದದ ವೇಗ ಸೆಕೆಂಡಿಗೆ 280 ಮೀಟರ್ ಬರತೈತಿ, ಖರೇ ಅಳದ್ರ ಹೆಚ್ಚ ಐತಿ. ಅಷ್ಟ ಗಡಿಬಿಡ್ಯಾಗ ಒತ್ತಿದ ಗಾಳಿ ಹೀಟ್ ಬಾಜೂಕ ಹೋಗಾಕ ಟೈಮ ಇರಂಗಿಲ್ಲ, ಅದು ಅಡಿಯಾಬ್ಯಾಟಿಕ್ ಅಂತ ತಿದ್ದಿದವ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್. ಹಂಗ ಹಿಡದ್ರ ವೇಗ ಗಾಮಾದ (ಒತ್ತಡ ಬದಲಾಗದಂಗ ಮತ್ತ ವಾಲ್ಯೂಮ್ ಬದಲಾಗದಂಗ ಗ್ಯಾಸ್ ಕಾಸಾಕ ಬೇಕಾಗೂ ಹೀಟಿನ ಅನುಪಾತ) ವರ್ಗಮೂಲದಷ್ಟು ಪಟ್ಟು ಆಗತೈತಿ. ಗಾಳಿಗೆ ಗಾಮಾ 1.4, ಅದರ ವರ್ಗಮೂಲ 1.183, ಅದನ್ನ 280ಕ್ಕ ಗುಣಿಸಿ ನೋಡ್ರಿ, 331 ಬರತೈತಿ, ಅಳದಾಗ ಸಿಗೂದೂ ಅಷ್ಟ.