ಟವೆಲ್ ಹಾಕಿ ಸೀಟ್ ಹಿಡಿಯೋ ಸಾಫ್ಟ್‌ವೇರ್

ಆನ್‌ಲೈನ್ ಕ್ಲಾಸ್ ಅಂದ್ರೆ ಮೇಷ್ಟ್ರು ವಿಡಿಯೋದಲ್ಲಿ ಮಾತಾಡೋದು, ಹುಡುಗರು ಮ್ಯೂಟ್ ಮಾಡ್ಕೊಂಡು ತೂಕಡಿಸೋದು ಅಂತ ಲಾಕ್‌ಡೌನ್ ಕಾಲದಲ್ಲಿ ತಲೇಲಿ ಕೂತಿದ್ದು ನಮ್ಮ ದಾವಣಗೆರೆ ಮಂದಿಗೆ ಇನ್ನೂ ಇಳಿದಿಲ್ಲ. ಅದು ಟಿವಿ ಕಣ್ರೀ, ಕ್ಲಾಸಲ್ಲ. ನಾಲ್ಕು ಜನ ಕೂಡಿ ಒಂದೇ ಹಾಳೆ ಮೇಲೆ ಗೀಚಿ, ಹೊಡೆದುಹಾಕಿ, ಜಗಳಾಡಿ ಬರೆಯೋಕಾಗುತ್ತಾ? ನಾನು ಸಾಫ್ಟ್‌ವೇರಿಗೆ ಕೇಳೋ ಪ್ರಶ್ನೆ ಅದೊಂದೇ.

ಹೋದ ಮಳೆಗಾಲ ನಮ್ಮಣ್ಣನ ಮಗಳಿಗೆ ಚಿತ್ರದುರ್ಗ ಕೋಟೆ ಹೊಂಡಗಳ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ರು. ಇವಳು ಇಲ್ಲಿ, ಒಬ್ಬಳು ಹೊಳಲ್ಕೆರೇಲಿ, ಇನ್ನೊಬ್ಬಳು ಹೊಸದುರ್ಗದ ಹತ್ರ ಹಳ್ಳೀಲಿ. ಕಾಲೇಜು ಕೊಟ್ಟ ಆ್ಯಪಲ್ಲಿ ಒಬ್ರು ಪೇಜ್ ತೆಗೆದ್ರೆ ಮಿಕ್ಕೋರಿಗೆ ಲಾಕ್. ಹೊಸದುರ್ಗದ ಹುಡುಗಿ ಪೇಜ್ ತೆಗೆದ್ಲು, ಕರೆಂಟ್ ಹೋಯ್ತು, ಮಲಗಿಬಿಟ್ಲು, ಇವರಿಬ್ರೂ ಬೆಳಗಿನ ತನಕ "ಬೇರೆಯವರು ತಿದ್ದುತ್ತಿದ್ದಾರೆ" ಅನ್ನೋ ಬೋರ್ಡ್ ನೋಡ್ಕೊಂಡು ಕೂತ್ರು. ಥೇಟ್ ಬಸ್‌ಸ್ಟ್ಯಾಂಡ್ ಬುದ್ಧಿ ಇದು, ಕಿಟಕಿಯಿಂದ ಟವೆಲ್ ಎಸೆದು ಸೀಟ್ ಹಿಡಿದು ಆಮೇಲೆ ಮಂಡಕ್ಕಿ ತಿನ್ನೋಕೆ ಹೋಗೋದು.

ಹಳಬರು ಇದಕ್ಕಿಂತ ಜಾಣರಿದ್ರು. ಅಮೆರಿಕದ ಇಲಿನಾಯ್ ಯುನಿವರ್ಸಿಟೀಲಿ 1960ರಲ್ಲಿ ಪಾಠ ಹೇಳೋದಕ್ಕೇ ಅಂತ ಪ್ಲೇಟೋ ಅನ್ನೋ ಕಂಪ್ಯೂಟರ್ ವ್ಯವಸ್ಥೆ ಶುರು ಮಾಡಿದ್ರು, 1973ರಲ್ಲಿ ಅದರ ಮೇಲೆ ಟಾಕೋಮ್ಯಾಟಿಕ್ ಅನ್ನೋ ಹರಟೆ ಪ್ರೋಗ್ರಾಂ ಬಂತು. ಸ್ಕ್ರೀನನ್ನ ಪಟ್ಟಿಪಟ್ಟಿಯಾಗಿ ಹಂಚಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ರು, ಒಬ್ರು ಟೈಪ್ ಮಾಡಿದ ಒಂದೊಂದು ಅಕ್ಷರಾನೂ ಮಿಕ್ಕೋರಿಗೆ ಆಗಲೇ ಕಾಣ್ತಿತ್ತು. ಹೊಲಕ್ಕೆ ಬದು ಹಾಕಿದಂಗೆ, ಜಗಳಾನೇ ಇಲ್ಲ. ಆದ್ರೆ ಬದು ಇದ್ಮೇಲೆ ಒಂದೇ ಹೊಲದಲ್ಲಿ ಕೂಡಿ ಉತ್ತಂಗೂ ಆಗಲ್ಲ.

ಬದು ತೆಗೆದ್ರೆ ಏನಾಗುತ್ತೆ ಅನ್ನೋದೇ ನನಗೆ ಇಷ್ಟದ ಭಾಗ. ಹಾಳೇಲಿ "ಹೊಂಡ ತುಂಬಿತು" ಅಂತಿದೆ ಅನ್ಕೊಳ್ಳಿ. ನಮ್ಮ ಹುಡುಗಿ ಮೊದಲಿಗೆ "ಅಕ್ಕತಂಗಿ " ಸೇರಿಸಿದ್ಲು. ಅದೇ ಗಳಿಗೇಲಿ ಹೊಳಲ್ಕೆರೆಯವಳು ನಡುವೆ "ಮಳೆಗೆ " ಸೇರಿಸಿದ್ಲು. ಕಂಪ್ಯೂಟರಿಗೆ "ನಡುವೆ" ಗೊತ್ತಿಲ್ಲ, ಅದಕ್ಕೆ ತಿಳಿಯೋದು "5 ಕೋಡ್ ಆದ್ಮೇಲೆ" ಅಂತ. ಕನ್ನಡದಲ್ಲಿ ಇನ್ನೊಂದು ತರಲೆ ಇದೆ, ಯುನಿಕೋಡಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಬಳಸೋ ನಂಬರ್ ಪಟ್ಟಿ) ಗುಣಿತ, ಸೊನ್ನೆ, ಖಾಲಿ ಜಾಗ ಎಲ್ಲಕ್ಕೂ ಬೇರೆಬೇರೆ ಕೋಡು, ಒತ್ತಿಗಂತೂ ಎರಡು, ಚಿತ್ರದುರ್ಗ ಅನ್ನೋದು ನಮಗೆ 4 ಅಕ್ಷರ, ಅದಕ್ಕೆ 10. ಈಗ ಹೊಳಲ್ಕೆರೆಯಿಂದ ಬಂದ ಆ "5" ನಮ್ಮ ಹುಡುಗಿಯ ಸ್ಕ್ರೀನಲ್ಲಿ ಹೊಸ ಪದದ ಹೊಟ್ಟೆಗೇ ನುಗ್ಗುತ್ತೆ: "ಅಕ್ಕತಮಳೆಗೆ ಂಗಿ ಹೊಂಡ ತುಂಬಿತು". ತಂಗಿಯ ಸೊನ್ನೆ ಅನಾಥ!

1989ರಲ್ಲಿ ಎಲ್ಲಿಸ್ ಮತ್ತು ಗಿಬ್ಸ್ ಅನ್ನೋ ಕಂಪ್ಯೂಟರ್ ಸಂಶೋಧಕರು ಇದಕ್ಕೆ ಹೇಳಿದ ಉಪಾಯ ಕಂಡಕ್ಟರ್ ಉಪಾಯ. ಮುಂದೆ 9 ಕೋಡು ಹತ್ತಿದ್ದಾವೆ, ಅದಕ್ಕೆ ನಿನ್ನ 5 ಈಗ 14, ಹಿಂದೆ ಸರ್ಕೋ ಅಂತ. "ಅಕ್ಕತಂಗಿ ಹೊಂಡ ಮಳೆಗೆ ತುಂಬಿತು". ಯಾರ ಟವೆಲ್ಲೂ ಬೇಕಿಲ್ಲ. ಕೇಳೋಕೆ ಸಲೀಸು, ಆದ್ರೆ ಮೂರನೆಯವರು ಬಂದು ತಿದ್ದುಪಡಿಗಳು ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ತಲುಪಿದ್ರೆ ಲೆಕ್ಕ ತಪ್ಪೋ ಸಂದರ್ಭ ಇದೆ ಅಂತ ಆಮೇಲೆ ಸಂಶೋಧಕರೇ ಕಂಡುಹಿಡಿದು ವರ್ಷಗಟ್ಟಲೆ ರಿಪೇರಿ ಮಾಡಿದ್ರು. ಇವತ್ತು ಗೂಗಲ್ ಡಾಕ್ಸ್ ಓಡ್ತಿರೋದು ಇದೇ ಜಾತಿಯ ಲೆಕ್ಕದ ಮೇಲೆ.

ಇನ್ನೊಂದು ದಾರಿ ಸಿಆರ್‌ಡಿಟಿ, ಅಂದ್ರೆ ಎಲ್ಲರ ಪ್ರತಿಗಳೂ ಜಗಳವಿಲ್ಲದೆ ತಾವಾಗೇ ಕೂಡ್ಕೊಳ್ಳೋ ಡೇಟಾ ರಚನೆ, 2011ರಲ್ಲಿ ಮಾರ್ಕ್ ಶಪಿರೋ ಅನ್ನೋ ಸಂಶೋಧಕರು ಮತ್ತು ಜೊತೆಗಾರರು ಸರಿಯಾದ ವ್ಯಾಖ್ಯೆ ಕೊಟ್ಟು ಗಟ್ಟಿ ಮಾಡಿದ್ದು. ಬೆಣ್ಣೆ ದೋಸೆ ಹೋಟ್ಲಲ್ಲಿ ಭಾನುವಾರ ಕ್ಯೂ ನೋಡಿ, "ನಾನು ಐದನೆಯವನು" ಅಂದ್ರೆ ಮುಂದೆ ಒಬ್ಬ ನುಗ್ಗಿದ ಕೂಡಲೇ ಮಾತು ಸುಳ್ಳು, "ನಾನು ಆ ಕೆಂಪಂಗಿಯೋರ ಹಿಂದೆ" ಅಂದ್ರೆ ಯಾರು ನುಗ್ಗಿದ್ರೂ ನಿಜ. ಹಂಗೇ ಪ್ರತಿ ಅಕ್ಷರಕ್ಕೂ ಬದಲಾಗದ ಒಂದು ಗುರುತು, "ನಾನು ಇಂಥದ್ದರ ಹಿಂದೆ" ಅಂತ. ಕೆಂಪಂಗಿಯೋರು ಎದ್ದು ಹೋದ್ರೆ? ಅಳಿಸಿದ ಅಕ್ಷರದ ಗುರುತನ್ನೂ ಒಳಗೊಳಗೇ ಉಳಿಸ್ಕೊಳ್ಳುತ್ತೆ, ಖಾಲಿ ಜಾಗದಲ್ಲಿ ಕಲ್ಲಿಟ್ಟಂಗೆ. ಲಾಭ ಏನಪ್ಪಾ ಅಂದ್ರೆ ಹೊಸದುರ್ಗದಲ್ಲಿ ಕರೆಂಟ್ ಹೋದ್ರೂ ಆ ಹುಡುಗಿ ಮೊಬೈಲಲ್ಲಿ ಬರೀತಾ ಇರಬಹುದು, ಬೆಳಿಗ್ಗೆ ನೆಟ್ ಬಂದಾಗ ತಾನಾಗೇ ಕೂಡ್ಕೊಳ್ಳುತ್ತೆ. ಕಲಿಯೋ ಸಾಫ್ಟ್‌ವೇರು ಊರಿಗೆ ತಕ್ಕಂಗೆ ಬಾಗಬೇಕು, ಊರು ಸಾಫ್ಟ್‌ವೇರಿಗಲ್ಲ.

ಹಂಗಂತ ಮಷೀನಿಗೆ ಎಲ್ಲಾ ತಿಳಿಯುತ್ತೆ ಅನ್ಕೋಬೇಡಿ (ಎಐ ಬಂದ್ಮೇಲೆ ಅದೊಂದು ಹೊಸ ಮೂಢನಂಬಿಕೆ). ಇವರು ಮೂವರೂ ಕೊನೆಗೆ ಗೂಗಲ್ ಡಾಕ್ಸಿಗೆ ಬಂದ್ರು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತೆ ಅಂತ ಒಬ್ಬಳು ಬರೆದ್ಲು, ಅದೇ ಹೊತ್ತಲ್ಲಿ ಇನ್ನೊಬ್ಬಳು ಉಲ್ಟಾ ಬರೆದ್ಲು, ಎರಡೂ ಸಾಲು ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಕೂತ್ವು, ಒಂದು ಸೊನ್ನೆನೂ ಅನಾಥ ಆಗಲಿಲ್ಲ. ಪಕ್ಕದ ಕಾಮೆಂಟಲ್ಲಿ ಅರ್ಧ ಗಂಟೆ ಕಿತ್ತಾಡಿದ್ರು. ಭಾನುವಾರ ಮೂವರೂ ದುರ್ಗದ ಬಸ್ ಹತ್ತಿದ್ರು, ನೀರು ಯಾವ ಕಡೆ ಇಳಿಯುತ್ತೆ ನೋಡೋಕೆ.