ಪೂರ್ತಿ ಒಣಗಿದ ಗಿಡ ಮತ್ತೆ ಚಿಗುರುವುದು ಹೇಗೆ?

ಪ್ರಶ್ನೆ: ಬುಡದವರೆಗೂ ಒಣಗಿಹೋದ ಗಿಡ ನಾಲ್ಕು ಮಳೆ ಬೀಳುತ್ತಲೇ ಚಿಗುರುತ್ತದಲ್ಲ, ಅದು ಸತ್ತಿರಲಿಲ್ವಾ?

ಇಲ್ಲ. ಒಣಗಿದ್ದು ಎಲೆ, ಕಾಂಡ ಅಷ್ಟೇ. ಚಿಗುರೊಡೆಯುವ ಕಣ್ಣು ಎಲ್ಲೋ ಅಡಗಿ ಕೂತಿತ್ತು. ಬರ ಬರಲಿ, ಚಳಿ ಬರಲಿ, ಎಲೆಯನ್ನು ಕಳೆದುಕೊಳ್ಳಲು ಗಿಡ ತಯಾರಿರುತ್ತದೆ. ಕಣ್ಣನ್ನು ಮಾತ್ರ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಒಂದು ಈರುಳ್ಳಿಯನ್ನು ಉದ್ದಕ್ಕೆ ಸೀಳಿ ನೋಡಿ. ಬೇರಿನ ಕಡೆ ಚಪ್ಪಟೆಯಾದ ಗಟ್ಟಿ ಭಾಗ ಇದೆಯಲ್ಲ, ಅದೇ ಕಾಂಡ. ನಾವು ತಿನ್ನುವ ದಪ್ಪ ಪದರಗಳು ಎಲೆಗಳ ಬುಡ. ನಟ್ಟನಡುವೆ ಪುಟ್ಟ ಕುಡಿ. ಹೊರಗಿನ ಒಣ ಸಿಪ್ಪೆ ನೀರು ಆರದಂತೆ ತಡೆಯುತ್ತದೆ. ಪದರಗಳಲ್ಲಿ ನೀರೂ ಇದೆ, ಆಹಾರವೂ ಇದೆ. ಹಾಗಾಗಿಯೇ ಮೂಲೆಯಲ್ಲಿ ಸುಮ್ನೆ ಬಿದ್ದಿದ್ದ ಈರುಳ್ಳಿಯೂ ಮಣ್ಣಿಲ್ಲದೆ ಮೊಳಕೆ ಒಡೆಯುತ್ತದೆ.

ಎಲ್ಲ ಗಿಡಗಳೂ ಕಣ್ಣನ್ನು ಮಣ್ಣೊಳಗೇ ಇಡುವುದಿಲ್ಲ. ಕಷ್ಟದ ಕಾಲದಲ್ಲಿ ಕಣ್ಣು ಎಷ್ಟು ಎತ್ತರದಲ್ಲಿರುತ್ತದೆ ಅನ್ನುವುದನ್ನೇ ಹಿಡಿದು ಡೆನ್ಮಾರ್ಕಿನ ಸಸ್ಯವಿಜ್ಞಾನಿ ಕ್ರಿಸ್ಟೆನ್ ರೌಂಕಿಯರ್ 1904ರ ಹೊತ್ತಿಗೆ ಗಿಡಗಳನ್ನು ವಿಂಗಡಿಸಿದರು. ನೆಲದಿಂದ ಸುಮಾರು 25 ಸೆಂಟಿಮೀಟರಿಗಿಂತ ಮೇಲಿದ್ದರೆ ಮರ, ಪೊದೆಗಳ ಗುಂಪು. ಅದಕ್ಕಿಂತ ಕೆಳಗಿದ್ದರೆ ಇನ್ನೊಂದು. ನೆಲಮಟ್ಟದಲ್ಲಿದ್ದರೆ ಮತ್ತೊಂದು, ಗೆಡ್ಡೆಗಳದ್ದು ಬೇರೆ. ಕಣ್ಣನ್ನೇ ಉಳಿಸಿಕೊಳ್ಳದೆ ಬೀಜ ಉದುರಿಸಿ ಸಾಯುವ ಗಿಡಗಳಿಗೂ ಒಂದು ಗುಂಪುಂಟು. ಹೂವು, ಹಣ್ಣು ನೋಡದೆ ಕಷ್ಟ ಎದುರಿಸುವ ರೀತಿ ನೋಡಿ ವಿಂಗಡಿಸಿದ್ದು ನನಗಂತೂ ಬಹಳ ಇಷ್ಟ.

ಬಹುಪಾಲು ಹುಲ್ಲುಗಳ ಕಣ್ಣು ಇರುವುದು ಬುಡದಲ್ಲಿ. ದನ ಮೇದರೂ, ಮೇಲೆ ಬೆಂಕಿ ಹರಿದುಹೋದರೂ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಮಣ್ಣು ಕೆಟ್ಟ ಶಾಖವಾಹಕ, ಕೆಲವೇ ಸೆಂಟಿಮೀಟರ್ ಕೆಳಗೆ ಬಿಸಿ ಎಷ್ಟೋ ಕಡಿಮೆ. ಅನೇಕ ಜಾತಿಯ ನೀಲಗಿರಿ ಮರಗಳಲ್ಲಿ ಕಣ್ಣುಗಳು ತೊಗಟೆಯ ಅಡಿ ಆಳದಲ್ಲಿರುತ್ತವೆ. ಬೆಂಕಿಗೆ ಸಿಕ್ಕು ಕಪ್ಪಾದ ಕಾಂಡದ ಉದ್ದಕ್ಕೂ ಕೆಲವೇ ವಾರಗಳಲ್ಲಿ ಹಸಿರು ಚಿಗುರು ಏಳುತ್ತದೆ.

ಅಡಗಿದ್ದರಷ್ಟೇ ಸಾಲದು, ಏಳುವ ಹೊತ್ತೂ ಗೊತ್ತಿರಬೇಕು. ಚಳಿಗಾಲದ ನಡುವೆ ಎರಡು ದಿನ ಬಿಸಿಲು ಬಂತೆಂದು ಸೇಬಿನ ಮರ ಚಿಗುರಿದರೆ ಕಥೆ ಮುಗೀತು. ಅದಕ್ಕೇ ಅದರ ಮೊಗ್ಗು ಸಾಕಷ್ಟು ವಾರ ಚಳಿ ಉಂಡ ಮೇಲಷ್ಟೇ ಬಿಸಿಗೆ ಓಗೊಡುತ್ತದೆ.

ಹಾಗಾಗಿ ಒಣಗಿದ ಗಿಡವನ್ನು ಕಿತ್ತೆಸೆಯಲು ಅವಸರ ಬೇಡ. ಬುಡದ ಹತ್ತಿರ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಗೆಡ್ಡೆಯ ಗಿಡವಾದರೆ ಮಣ್ಣು ಸರಿಸಿ ಗೆಡ್ಡೆ ಮುಟ್ಟಿ. ಗಟ್ಟಿಯಾಗಿದ್ದರೆ ಹಾಗೇ ಮುಚ್ಚಿಬಿಡಿ. ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಅದು ಕೊಳೆತಿದೆ. ಮಲಗಿರುವ ಗೆಡ್ಡೆಗೆ ನೀರು ಜಾಸ್ತಿ ಸುರಿದರೆ ಹೀಗೇ ಆಗುವುದು.