ಅಮೆರಿಕದ ಟಾಕ್ ರೇಡಿಯೋದವ್ರು ಹೇಳಿದ್ದೆಲ್ಲಾ ಅಲ್ಲಿನ ಸರ್ಕಾರದ ಮಾತಾ?

ಪ್ರಶ್ನೆ: ಸರ್, ಅಮೆರಿಕದ ಕನ್ಸರ್ವೇಟಿವ್ ರೇಡಿಯೋ ಹೋಸ್ಟ್‌ಗಳು ಇರಾನ್, ಚೀನಾ ಬಗ್ಗೆ ಮಾತಾಡೋ ಕ್ಲಿಪ್‌ಗಳು ವಾಟ್ಸಾಪಲ್ಲಿ ಬರ್ತಾನೇ ಇರ್ತವೆ. ರಿಪಬ್ಲಿಕನ್ ಸರ್ಕಾರ ಇದ್ದಾಗ ಇವ್ರು ಹೇಳೋದನ್ನೇ ಅಮೆರಿಕದ ವಿದೇಶಾಂಗ ನೀತಿ ಅಂತ ತಗೋಬಹುದಾ?

ತಗೋಬೇಡಿ. ಇದನ್ನ ಎಷ್ಟು ಸಲ ಬರೆದ್ರೂ ಅಷ್ಟೇ, ಎಲ್ಲೋ ಒಂದು ಕಡೆ ಬಾಂಬ್ ಬಿತ್ತು ಅಂದ್ರೆ ಮಾರನೇ ದಿನ ಇದೇ ಪ್ರಶ್ನೆ ಇನ್ನೊಬ್ರ ಹೆಸ್ರಲ್ಲಿ ಹಾಜರ್. ಟ್ರಂಪ್ ಯಾರು, ಪೆಂಟಗಾನ್ ಎಲ್ಲಿದೆ ಅಂತೆಲ್ಲಾ ನಿಮಗೆ ಹೇಳ್ಬೇಕಾಗಿಲ್ಲ, ಸೀದಾ ವಿಷಯಕ್ಕೆ ಬರ್ತೀನಿ.

ಈ ಗೊಂದಲ ಯಾಕೆ ಅಂತ ನಂಗೂ ಅರ್ಥ ಆಗುತ್ತೆ. ನಮ್ಗೆ ರೇಡಿಯೋ ಅಂದ್ರೆ ಒಂದು ಆಕಾಶವಾಣಿ, ಇಲ್ಲಾಂದ್ರೆ ಸಿನಿಮಾ ಹಾಡು ಹಾಕೋ ಎಫ್ಎಂ. ಹಾಗಾಗಿ ರೇಡಿಯೋದಲ್ಲಿ ಒಬ್ಬ ಯುದ್ಧದ ಬಗ್ಗೆ ಮೂರು ಗಂಟೆ ಮಾತಾಡ್ತಾನೆ ಅಂದ್ರೆ ಅವನ ಹಿಂದೆ ಸರ್ಕಾರನೇ ಇರ್ಬೇಕು ಅನ್ಸುತ್ತೆ. ಅಲ್ಲಿ ಅದು ಪೂರ್ತಿ ವ್ಯಾಪಾರ. ವಿವಾದದ ವಿಷಯ ತಗೊಂಡ್ರೆ ಬೇರೆ ಅಭಿಪ್ರಾಯಕ್ಕೂ ಜಾಗ ಕೊಡ್ಬೇಕು ಅಂತ 1949ರಿಂದ ಫೇರ್‌ನೆಸ್ ಡಾಕ್ಟ್ರಿನ್ ಅಂತ ಒಂದು ನಿಯಮ ಇತ್ತು, 1987ರಲ್ಲಿ ಅದನ್ನ ತೆಗೆದ್ರು, ಮಾರನೇ ವರ್ಷವೇ ರಶ್ ಲಿಂಬಾ ಅನ್ನೋ ಕನ್ಸರ್ವೇಟಿವ್ ಹೋಸ್ಟ್‌ನ ಷೋ ದೇಶದಾದ್ಯಂತ ಶುರುವಾಯ್ತು, ಆಮೇಲೆ ಅದು 600ಕ್ಕೂ ಹೆಚ್ಚು ಸ್ಟೇಷನ್‌ಗಳಲ್ಲಿ ಬರ್ತಿತ್ತು. ಎಷ್ಟೋ ಸ್ಟೇಷನ್‌ಗಳು ಇಂಥ ಷೋಗೆ ಕಾಸು ಕೊಡಲ್ಲ, ಬದಲಿಗೆ ಜಾಹೀರಾತಿನ ನಿಮಿಷಗಳನ್ನ ಬಿಟ್ಕೊಡ್ತವೆ, ಷೋದವ್ರು ಅದನ್ನ ಮಾರ್ಕೊಳ್ತಾರೆ, ಕೇಳೋರು ಜಾಸ್ತಿ ಇದ್ದಷ್ಟೂ ಬೆಲೆ ಜಾಸ್ತಿ. ಅಂದ್ಮೇಲೆ ಹೋಸ್ಟ್‌ಗೆ ಅನ್ನ ಹಾಕೋದು ಕಾರಲ್ಲಿ ಕೂತು ಕೇಳೋನು, ವೈಟ್ ಹೌಸ್ ಅಲ್ಲ.

ಈಗ "ಪಕ್ಷ ಬರೆದುಕೊಟ್ಟಿದ್ದನ್ನ ಓದ್ತಾರೆ" ಅನ್ನೋ ನಂಬಿಕೆಗೆ ಬರೋಣ. ಇದನ್ನ ಮುರಿಯೋಕೆ 2006ರ ಫೆಬ್ರವರಿ ಒಂದೇ ಸಾಕು. ಬ್ರಿಟನ್ನಿನ ಪಿ ಅಂಡ್ ಓ ಅನ್ನೋ ಕಂಪನಿ ನ್ಯೂಯಾರ್ಕ್, ನ್ಯೂಜೆರ್ಸಿ, ಫಿಲಡೆಲ್ಫಿಯಾ, ಬಾಲ್ಟಿಮೋರ್, ಮಯಾಮಿ, ನ್ಯೂ ಆರ್ಲಿಯನ್ಸ್ ಬಂದರುಗಳಲ್ಲಿ ಟರ್ಮಿನಲ್ ನಡೆಸ್ತಿತ್ತು. ಆ ಕಂಪನಿಯನ್ನ ದುಬೈ ಸರ್ಕಾರದ ಡಿಪಿ ವರ್ಲ್ಡ್ ಕೊಂಡ್ಕೊಳ್ತು. ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯೂ ಬುಷ್ ಆಡಳಿತ ಪರಿಶೀಲನೆ ಮಾಡಿ ಓಕೆ ಅಂದಿತ್ತು. ಅಷ್ಟೇ ನೋಡಿ, ಮೈಕೆಲ್ ಸೇವೇಜ್ ಥರದ ಹೋಸ್ಟ್‌ಗಳು ಬಂದರುಗಳನ್ನೇ ಅರಬ್ಬರಿಗೆ ಮಾರಿಬಿಟ್ರು ಅಂತ ಮೈಕ್ ಹಿಡ್ಕೊಂಡು ಕೂತ್ರು. ನಿಜ ಹೇಳ್ಬೇಕಂದ್ರೆ ಬಂದರು ಮಾರಾಟ ಆಗೇ ಇರ್ಲಿಲ್ಲ, ಕೈ ಬದಲಾಗಿದ್ದು ಟರ್ಮಿನಲ್ ನಡೆಸೋ ಗುತ್ತಿಗೆ, ಭದ್ರತೆ ಕೋಸ್ಟ್ ಗಾರ್ಡ್ ಮತ್ತು ಕಸ್ಟಮ್ಸ್‌ನವ್ರ ಕೈಯಲ್ಲೇ ಇರ್ತಿತ್ತು. ಆದ್ರೆ ಅದನ್ನ ವಿವರಿಸೋ ಪುರುಸೊತ್ತು ಯಾರಿಗಿತ್ತು? ಕೇಳುಗರು ಫೋನ್ ಮಾಡಿದ್ರು, ಹೋಸ್ಟ್‌ಗೂ ಮಾಡಿದ್ರು, ತಮ್ಮ ಸಂಸದರಿಗೂ ಮಾಡಿದ್ರು. ಕಾಂಗ್ರೆಸ್ ಅಡ್ಡ ಬಂದ್ರೆ ವೀಟೋ ಹಾಕ್ತೀನಿ ಅಂತ ಬುಷ್ ಗುಡುಗಿದ್ರೂ, ರಿಪಬ್ಲಿಕನ್ನರೇ ಬಹುಮತದಲ್ಲಿದ್ದ ಹೌಸ್ (ಕಾಂಗ್ರೆಸ್‌ನ ಕೆಳಮನೆ) ಸಮಿತಿ ಮಾರ್ಚ್‌ನಲ್ಲಿ 62-2ರಲ್ಲಿ ಒಪ್ಪಂದದ ವಿರುದ್ಧ ವೋಟ್ ಹಾಕ್ತು. ಮಾರನೇ ದಿನ ದುಬೈ ಕಂಪನಿ ಹಿಂದೆ ಸರೀತು. ಇನ್ನೂ ಮಜಾ ಏನಂದ್ರೆ ಲಿಂಬಾ ಈ ವಿಷಯದಲ್ಲಿ ಬುಷ್ ಪರ ವಾದಿಸ್ತಿದ್ರು. ಅವ್ರ ಮಾತನ್ನೂ ಅವ್ರದೇ ಕೇಳುಗರು ಕೇಳ್ಲಿಲ್ಲ!

ಈಗ ಹೇಳಿ, ಇವ್ರು ವೈಟ್ ಹೌಸ್ ವಕ್ತಾರರಾ?

"ಅದು ಬುಷ್ ಕಾಲ, ಟ್ರಂಪ್ ಮುಂದೆ ಎಲ್ರೂ ಬಾಯಿ ಮುಚ್ಕೊಂಡಿರ್ತಾರೆ" ಅಂತ ಒಬ್ರು ಬರೆದ್ರು. ಅದೂ ಸುಳ್ಳು. 2017ರ ಏಪ್ರಿಲ್‌ನಲ್ಲಿ ಟ್ರಂಪ್ ಸಿರಿಯಾದ ವಾಯುನೆಲೆ ಮೇಲೆ 59 ಟೋಮಾಹಾಕ್ ಕ್ಷಿಪಣಿ ಬಿಟ್ಟಾಗ, ಚುನಾವಣೇಲಿ ಟ್ರಂಪ್ ಪರ ಗಂಟಲು ಹರ್ಕೊಂಡಿದ್ದ ಅದೇ ಸೇವೇಜ್ ತಿರುಗಿಬಿದ್ರು. 2025ರ ಜೂನ್‌ನಲ್ಲಿ ಇರಾನ್ ಮೇಲೆ ದಾಳಿ ಮಾಡ್ಬೇಕಾ ಬೇಡ್ವಾ ಅಂತ ಬಂದಾಗ ರೇಡಿಯೋ ಹೋಸ್ಟ್ ಮಾರ್ಕ್ ಲೆವಿನ್ ಹೊಡೀಲೇಬೇಕು ಅಂತ, ಟ್ರಂಪ್‌ರ ಮಾಜಿ ಸಲಹೆಗಾರ, ಈಗ ಷೋ ನಡೆಸೋ ಸ್ಟೀವ್ ಬ್ಯಾನನ್ ಇದು ನಮ್ಮ ಯುದ್ಧ ಅಲ್ಲ ಅಂತ. ಇಬ್ರೂ ಟ್ರಂಪ್ ಬೆಂಬಲಿಗರೇ. ಕೊನೆಗೆ ಫೋರ್ಡೋ, ನಟಾಂಜ್, ಇಸ್ಫಹಾನ್‌ನ ಅಣು ಕೇಂದ್ರಗಳ ಮೇಲೆ ಅಮೆರಿಕದ ಬಾಂಬ್ ಬಿತ್ತು ಸರಿ, ಆದ್ರೆ ಅದರ ಹಿಂದಿನ ದಿನ ನಿಮ್ಗೆ ಬ್ಯಾನನ್ ಕ್ಲಿಪ್ ಮಾತ್ರ ಬಂದಿದ್ರೆ ಅಮೆರಿಕ ಯುದ್ಧಕ್ಕೆ ಬರೋದೇ ಇಲ್ಲ ಅಂತ ನಂಗೆ ಮೆಸೇಜ್ ಹಾಕ್ತಿದ್ರಿ ತಾನೇ?

ಎಲ್ಲಾ ಬರೀ ಕೂಗಾಟ ಅಂತಾನೂ ಅಂದ್ಕೋಬೇಡಿ. ಹ್ಯೂ ಹ್ಯೂಯಿಟ್ ಅಂತ ಒಬ್ಬ ಹೋಸ್ಟ್ ಇದ್ದಾರೆ, ವಕೀಲರು, ರೇಗನ್ ಆಡಳಿತದಲ್ಲಿ ಕೆಲ್ಸ ಮಾಡಿದೋರು. 2015ರ ಡಿಸೆಂಬರ್‌ನಲ್ಲಿ ನಡೆದ ರಿಪಬ್ಲಿಕನ್ ಅಧ್ಯಕ್ಷೀಯ ಆಕಾಂಕ್ಷಿಗಳ ಡಿಬೇಟ್‌ನಲ್ಲಿ ಅಣ್ವಸ್ತ್ರ ಹೊರೋ ಮೂರು ದಾರಿ, ಅಂದ್ರೆ ಬಾಂಬರ್ ವಿಮಾನ, ನೆಲದ ಕ್ಷಿಪಣಿ, ಸಬ್‌ಮೆರೀನ್, ಇದ್ರಲ್ಲಿ ನಿಮ್ಮ ಆದ್ಯತೆ ಯಾವ್ದು ಅಂತ ಟ್ರಂಪ್‌ನ ಕೇಳಿದ್ದು ಇವ್ರೇ. ಟ್ರಂಪ್ ಸುತ್ತಿ ಬಳಸಿ ಏನೇನೋ ಹೇಳಿದ್ರು, ಆ ಮೂರು ಏನು ಅಂತ ಬಿಡಿಸಿ ಹೇಳಿದ್ದು ಅದೇ ವೇದಿಕೆಯಲ್ಲಿದ್ದ ಇನ್ನೊಬ್ಬ ಆಕಾಂಕ್ಷಿ ಮಾರ್ಕೊ ರುಬಿಯೊ. ಅಷ್ಟು ಚೊಕ್ಕವಾದ ಪ್ರಶ್ನೆ ಕೇಳೋ ಆ್ಯಂಕರ್ ನಮ್ಮ ಕಡೆ ಸಿಕ್ಕಿದ್ರೆ ನಾನು ಟಿವಿ ರಿಪೇರಿ ಮಾಡಿಸ್ತೀನಿ.

ಯಾರೂ ಕೇಳಿಲ್ಲ, ಆದ್ರೂ ಇಲ್ಲಿಗೆ ಬಂದ್ಮೇಲೆ ಹೇಳದೆ ಬಿಡೋಕಾಗಲ್ಲ: ರೇಡಿಯೋದಿಂದ ವಿದೇಶಾಂಗ ನೀತಿಗೆ ಪೆಟ್ಟು ಬೀಳೋದು ಲಿಂಬಾ ಕಾಲದಲ್ಲಿ ಶುರುವಾಗಿದ್ದಲ್ಲ. 1935ರಲ್ಲಿ ಅಮೆರಿಕ ಆಗಿನ ಅಂತರರಾಷ್ಟ್ರೀಯ ನ್ಯಾಯಾಲಯ (ಈಗಿರೋದಲ್ಲ, ಅದಕ್ಕೂ ಮುಂಚಿನದು) ಸೇರ್ಬೇಕು ಅಂತ ಅಧ್ಯಕ್ಷ ರೂಸ್‌ವೆಲ್ಟ್ ಹೊರಟಿದ್ರು. ಆಗ ಮಿಷಿಗನ್‌ನಲ್ಲಿ ಫಾದರ್ ಚಾರ್ಲ್ಸ್ ಕಾಗ್ಲಿನ್ ಅಂತ ಒಬ್ಬ ಕ್ಯಾಥೊಲಿಕ್ ಪಾದ್ರಿ, ಅವ್ರ ಮಾತನ್ನ ರೇಡಿಯೋದಲ್ಲಿ ಲಕ್ಷಾಂತರ ಜನ ಕೇಳ್ತಿದ್ರು. ಆಮೇಲಾಮೇಲೆ ಯಹೂದಿ ದ್ವೇಷಕ್ಕೆ ಇಳಿದ್ರು, ಅದು ಬೇರೆ ಕಥೆ. ಭಾನುವಾರ ಮೈಕಲ್ಲಿ ನಿಮ್ಮ ಸೆನೆಟರ್‌ಗೆ ಟೆಲಿಗ್ರಾಂ ಹೊಡೀರಿ ಅಂದ್ರು, ವಾಷಿಂಗ್ಟನ್‌ಗೆ ರಾಶಿ ರಾಶಿ ತಂತಿ ಬಂತು, ಹರ್ಸ್ಟ್ ಅನ್ನೋ ದೊಡ್ಡ ಮಾಲೀಕನ ಪತ್ರಿಕೆಗಳೂ ಅದೇ ರಾಗ ಹಾಡಿದ್ವು. ಮಂಗಳವಾರ ಸೆನೆಟ್‌ನಲ್ಲಿ ಪರವಾಗಿ 52, ವಿರುದ್ಧ 36. ಮೂರನೇ ಎರಡು ಭಾಗ ಬೇಕಿತ್ತು, ಏಳು ವೋಟು ಕಮ್ಮಿ ಬಿತ್ತು. ರೂಸ್‌ವೆಲ್ಟ್ ಪಕ್ಷಕ್ಕೆ ಸೆನೆಟ್‌ನಲ್ಲಿ ದೊಡ್ಡ ಬಹುಮತ ಇದ್ದಾಗಲೇ ಹೀಗಾಗಿದ್ದು. ಅಮೆರಿಕ ಆ ಕೋರ್ಟಿಗೆ ಕೊನೆವರೆಗೂ ಸೇರ್ಲೇ ಇಲ್ಲ.

ಅಂದ್ರೆ ಇವ್ರು ನೀತಿ ಮಾಡೋರಲ್ಲ, ಆದ್ರೆ ಮಾಡೋರ ಫೋನ್ ರಿಂಗಾಗೋ ಹಾಗೆ ಮಾಡ್ತಾರೆ. ಇನ್ಮೇಲೆ ಕ್ಲಿಪ್ ಕಳಿಸೋರು ಹೋಸ್ಟ್ ಹೆಸ್ರು, ತಾರೀಖು ಎರಡೂ ಹಾಕಿ ಕಳಿಸಿ, ಅದಿಲ್ದೇ ಬಂದ್ರೆ ನಾನು ಉತ್ತರ ಬರೆಯಲ್ಲ.